ಪ್ರಾಚೀನ ವೇಷಭೂಷಣಗಳ ಪುನಾರಚನೆ: ಮಾರ್ಗದರ್ಶಿ ಗ್ರಂಥಗಳ ಪ್ರಾಮಾಣ್ಯ ವಿಚಾರ

ಹಸ್ತಪ್ರತಿಗಳ ಉಪಯೋಗವು ಪಾಠನಿರ್ಣಯದೊಂದಿಗೇ ಮುಗಿಯುವುದಿಲ್ಲ. ಅವುಗಳಲ್ಲಿನ ಚಿತ್ರಗಳು, ಪ್ರಶಸ್ತಿಗಳು, ಪ್ರಾಸಂಗಿಕವಾಗಿ ಬರುವ ವಸ್ತುನಾಮಗಳು ಆಯಾ ಕಾಲದ ಲೋಕಜೀವನಕ್ಕೆ ಸಾಕ್ಷಿಗಳಾಗಿವೆ. ಪ್ರಾಚೀನ ವೇಷಭೂಷಣಗಳನ್ನು ಪುನಃ ರಚಿಸಹೊರಟವರು ಈ ಸಾಕ್ಷ್ಯವನ್ನು ವಿಶೇಷವಾಗಿ ಅವಲಂಬಿಸುತ್ತಾರೆ. ನಾಟಕ, ಚಲನಚಿತ್ರ, ವಸ್ತುಸಂಗ್ರಹಾಲಯ, ಧಾರ್ಮಿಕ ಉತ್ಸವಗಳ ಮೆರವಣಿಗೆ ಮುಂತಾದವುಗಳಿಗಾಗಿ ಉಡುಪು ಸಿದ್ಧಪಡಿಸುವವರು ಓಲೆಗರಿಯನ್ನಾಗಲಿ ಶಿಲ್ಪವನ್ನಾಗಲಿ ನೇರವಾಗಿ ಪರಿಶೀಲಿಸುವುದು ವಿರಳ. ಮೂಲಗಳನ್ನು ಸಂಗ್ರಹಿಸಿ, ರೇಖಾಚಿತ್ರ ಸಮೇತ ವಿವರಿಸುವ ಮಾರ್ಗದರ್ಶಿ ಗ್ರಂಥಗಳೇ ಅವರಿಗೆ ಆಧಾರ. ಆ ಗ್ರಂಥಗಳ ಬೆಲೆ ಎಷ್ಟು, ಅದನ್ನು ಯಾವ ಮಾನದಂಡದಿಂದ ಅಳೆಯಬೇಕು ಎಂಬುದು ಪಂಡಿತರಿಗೆ ಸಂಬಂಧಿಸಿದ ವಿಷಯವಲ್ಲವೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಇಂಥ ಗ್ರಂಥಗಳ ದೊಡ್ಡ ಪಾಲಿಗೆ ಜೈನ ಆಗಮಗಳೂ ಜೈನ ಚಿತ್ರಿತ ಪ್ರತಿಗಳೂ ಆಕರಗಳಾಗಿರುವುದರಿಂದ, ಆಕರವನ್ನು ಕಾಪಾಡಿಕೊಂಡು ಬಂದವರು ಅದರ ಬಳಕೆಯನ್ನೂ ಪರೀಕ್ಷಿಸುವುದು ಉಚಿತವೇ ಆಗಿದೆ.

ಮೊದಲು ಈ ವಿಷಯದಲ್ಲಿ ಭಾರತಕ್ಕೂ ಯೂರೋಪಿಗೂ ಇರುವ ಸ್ಥಿತಿಭೇದವನ್ನು ಗಮನಿಸಬೇಕು. ಅಲ್ಲಿ ನಾನೂರು ವರ್ಷಗಳ ಹಿಂದಿನ ಉಡುಪುಗಳು ಹಲವು ಉಳಿದಿವೆ. ಇಂಗ್ಲೆಂಡಿನ ಜಾನೆಟ್ ಆರ್ನಾಲ್ಡ್ (1932–1998) ಅವರು ಅಂಥ ಉಡುಪುಗಳನ್ನು ಸಂಗ್ರಹಾಲಯಗಳಲ್ಲಿ ಒಳಹೊರಗೆ ಪರಿಶೀಲಿಸಿ, ಅಳತೆ ತೆಗೆದು, ಅಂಗುಲದ ಎಂಟನೆಯ ಒಂದು ಭಾಗವನ್ನು ಒಂದು ಅಂಗುಲವೆಂದು ಎಣಿಸುವ ಚೌಕಳಿಯ ಮೇಲೆ ಅವುಗಳ ಕತ್ತರಿಕೆಯ ನಕ್ಷೆಗಳನ್ನು ಬರೆದರು. 'ಪ್ಯಾಟರ್ನ್ಸ್ ಆಫ್ ಫ್ಯಾಷನ್' ಎಂಬ ಅವರ ಗ್ರಂಥಮಾಲೆಯ ಮೊದಲ ಸಂಪುಟ 1964ರಲ್ಲಿ ಹೊರಬಂದಿತು. 1560ರಿಂದ 1620ರವರೆಗಿನ ಸ್ತ್ರೀಪುರುಷರ ಉಡುಪುಗಳನ್ನು ಕುರಿತ ಸಂಪುಟ 1985ರಲ್ಲಿ ಪ್ರಕಟವಾಯಿತು. 1562ರಲ್ಲಿ ತೀರಿಕೊಂಡ ಎಲಿಯನೋರಾ ಡಿ ಟೊಲೆಡೊಳ ಶವದೊಡನೆ ಫ್ಲಾರೆನ್ಸಿನಲ್ಲಿ ಹೂಳಲಾಗಿದ್ದ ಉಡುಪಿನ ಅವಶೇಷಗಳೂ ಈ ಸಂಪುಟದಲ್ಲಿ ಪರಿಶೀಲಿತವಾಗಿವೆ. 1988ರಲ್ಲಿ ಪ್ರಕಟವಾದ ಮತ್ತೊಂದು ಗ್ರಂಥದಲ್ಲಿ ಅವರು ಮೊದಲನೆಯ ಎಲಿಜಬೆತ್ ರಾಣಿಯ ಉಡುಪುಗಳ ಬಗ್ಗೆ 1600ರಲ್ಲಿ ಬರೆದಿಟ್ಟ ಪಟ್ಟಿಗಳನ್ನು ಸಂಪಾದಿಸಿ, ಅವುಗಳನ್ನು ಭಾವಚಿತ್ರಗಳೊಡನೆಯೂ ಉಳಿದಿರುವ ಉಡುಪುಗಳೊಡನೆಯೂ ಹೋಲಿಸಿ ನೋಡಿದರು. ಹೀಗೆ ವಸ್ತು, ಚಿತ್ರ, ಲೇಖ ಎಂಬ ಮೂರು ಸಾಕ್ಷಿಗಳು ಒಂದನ್ನೊಂದು ತಿದ್ದುವಂಥ ಅನುಕೂಲ ಅಲ್ಲಿಗೆ ದೊರೆತಿದೆ.

ಪ್ರಾಚೀನ ಭಾರತದ ಮಟ್ಟಿಗೆ ಈ ಮೂರರಲ್ಲಿ ಮೊದಲನೆಯದೇ ಇಲ್ಲವೆನ್ನಬಹುದು. ಬಿಸಿಲು, ತೇವ, ಕ್ರಿಮಿಗಳ ಹಾವಳಿಯಲ್ಲಿ ಹತ್ತಿಯ ಬಟ್ಟೆ ಬಹುಕಾಲ ನಿಲ್ಲದು. ಅಹಮದಾಬಾದಿನ ಕ್ಯಾಲಿಕೊ ವಸ್ತುಸಂಗ್ರಹಾಲಯದ ಉಡುಪುಗಳನ್ನು ಕುರಿತು ಬಿ. ಎನ್. ಗೋಸ್ವಾಮಿ ಅವರು 1993ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಳತೆಯ ನಕ್ಷೆಗಳಿರುವುದು ನಿಜ. ಆದರೆ ಅಲ್ಲಿ ವಿವರಿಸಿರುವುದು ಮೊಗಲರ ಕಾಲದಿಂದೀಚಿನ ಉಡುಪುಗಳನ್ನು. ಅದಕ್ಕೆ ಹಿಂದಿನ ಕಾಲದ ವಿಷಯದಲ್ಲಿ ಶಿಲ್ಪ, ಚಿತ್ರ, ಗ್ರಂಥೋಕ್ತಿ ಇವುಗಳಿಂದಲೇ ಉಡುಪನ್ನು ಊಹಿಸಬೇಕು. ಮಾತೃಕೆ ನಷ್ಟವಾಗಿ, ವ್ಯಾಖ್ಯಾನದಲ್ಲಿ ಉದ್ಧೃತವಾದ ಪ್ರತೀಕಗಳಿಂದ ಮೂಲಪಾಠವನ್ನು ಕಟ್ಟಬೇಕಾದ ಸಂಪಾದಕನ ಸ್ಥಿತಿಯೇ ಇಲ್ಲಿ ಉಡುಪು ರಚಿಸುವವನದು.

ಈ ಕಠಿನ ಕಾರ್ಯಕ್ಕೆ ಕೈಹಾಕಿದವರಲ್ಲಿ ಡಾ. ಮೋತಿಚಂದ್ರ (1909–1974) ಅವರು ಅಗ್ರಗಣ್ಯರು. ಹಿಂದಿಯಲ್ಲಿ 1950ರಲ್ಲಿ ಪ್ರಕಟವಾದ ಅವರ 'ಪ್ರಾಚೀನ ಭಾರತೀಯ ವೇಶಭೂಷಾ' ಗ್ರಂಥವು ಜೈನ ಛೇದಸೂತ್ರಗಳ ಭಾಷ್ಯಗಳಲ್ಲಿ ಅಡಗಿದ್ದ ವಸ್ತ್ರವಿಷಯಕ ಸಾಮಗ್ರಿಯನ್ನು ವಿದ್ವಲ್ಲೋಕದ ಮುಂದಿಟ್ಟಿತು. ಅದಕ್ಕೆ ಒಂದು ವರ್ಷ ಮೊದಲೇ, 1949ರಲ್ಲಿ, ಪಶ್ಚಿಮ ಭಾರತದ ಜೈನ ಚಿತ್ರಗಳನ್ನು ಕುರಿತ ಅವರ ಇನ್ನೊಂದು ಗ್ರಂಥ ಬೆಳಕು ಕಂಡಿತ್ತು. ಸಮಾಜಶಾಸ್ತ್ರಜ್ಞ ಜಿ. ಎಸ್. ಘುರ್ಯೆ ಅವರ 'ಇಂಡಿಯನ್ ಕಾಸ್ಟ್ಯೂಮ್' 1951ರಲ್ಲಿ ಬಂದಿತು. ರಂಗಭೂಮಿಗೆ ವೇಷಭೂಷಣ ರಚಿಸಿದ ಅನುಭವವುಳ್ಳ ರೋಶನ್ ಅಲ್ಕಾಜಿ ಅವರ 'ಏನ್ಶಂಟ್ ಇಂಡಿಯನ್ ಕಾಸ್ಟ್ಯೂಮ್' 1983ರಲ್ಲಿ ಪ್ರಕಟವಾಯಿತು. ಮೋತಿಚಂದ್ರ ಅವರದು ಸಂಶೋಧಕನ ಗ್ರಂಥ. ಘುರ್ಯೆ ಅವರದು ಸಮಾಜಾಧ್ಯಯನದ ಗ್ರಂಥ. ಅಲ್ಕಾಜಿ ಅವರದು ಪ್ರಯೋಗಕಾರರಿಗೆ ನೇರವಾಗಿ ನೆರವಾಗಬಲ್ಲ ಗ್ರಂಥ. ಉಡುಪು ರಚಿಸುವವರು ಮೂರನ್ನೂ ಮಾರ್ಗದರ್ಶಿಗಳಂತೆಯೇ ಬಳಸುತ್ತಾರೆ. ಆದ್ದರಿಂದ ಮೂರನ್ನೂ ಒಂದೇ ಪ್ರಶ್ನೆಯ ಮುಂದೆ ನಿಲ್ಲಿಸುವುದರಲ್ಲಿ ಅನ್ಯಾಯವಿಲ್ಲ: ಓದುಗನು ಇಲ್ಲಿ ದೃಷ್ಟವಾದುದನ್ನೂ ಊಹಿತವಾದುದನ್ನೂ ಬೇರ್ಪಡಿಸಿ ತಿಳಿಯಬಲ್ಲನೇ?

ಇಂಥ ಗ್ರಂಥಗಳ ಜೀವಾಳ ರೇಖಾಚಿತ್ರ. ಶಿಲ್ಪದಲ್ಲಿ ಮುಕ್ಕಾದ ಭಾಗ, ಚಿತ್ರದಲ್ಲಿ ಬಣ್ಣ ಉದುರಿದ ಭಾಗ ರೇಖಾಚಿತ್ರದಲ್ಲಿ ಕಾಣುವುದಿಲ್ಲ. ನಿರಿಗೆ, ಸೆರಗು, ನಡುಕಟ್ಟು ಎಲ್ಲವೂ ಸ್ಫುಟವಾಗಿ ತೋರುತ್ತವೆ. ಇದು ಅದರ ಗುಣ. ದೋಷವೂ ಇದೇ. ತ್ರುಟಿತ ಪತ್ರವನ್ನು ಸಂಪಾದಿಸುವವನು ತಾನು ಸೇರಿಸಿದ ಅಕ್ಷರಗಳನ್ನು ಕಂಸದೊಳಗೆ ಇಡುತ್ತಾನೆ; ಹಾಗೆ ಇಡದ ಸಂಪಾದನೆಯನ್ನು ವಿದ್ವಾಂಸರು ಪ್ರಮಾಣವೆಂದು ಒಪ್ಪುವುದಿಲ್ಲ. ರೇಖಾಚಿತ್ರಕ್ಕೆ ಇಂಥ ಕಂಸದ ಸಂಪ್ರದಾಯ ಬೆಳೆದಿಲ್ಲ. ಕಲ್ಲಿನಲ್ಲಿ ಇದ್ದ ಗೆರೆಯೂ ಲೇಖನಿಯಿಂದ ಪೂರೈಸಿದ ಗೆರೆಯೂ ಅಲ್ಲಿ ಒಂದೇ ಮಸಿಯಿಂದ ಮೂಡುತ್ತವೆ. ಮೇಲಾಗಿ ಶಿಲ್ಪಿಯು ಕಂಡ ಉಡುಪು ಮೊದಲನೆಯದು, ಅವನು ಕಂಡರಿಸಿದ ಶಿಲ್ಪ ಎರಡನೆಯದು, ಅದನ್ನು ನೋಡಿ ಬರೆದ ರೇಖೆ ಮೂರನೆಯದು, ಆ ರೇಖೆಯನ್ನು ನೋಡಿ ದರ್ಜಿಯು ಹೊಲಿಯುವ ಅಂಗಿ ನಾಲ್ಕನೆಯದು. ಪ್ರತಿಯಿಂದ ಪ್ರತಿ ಮಾಡುವಾಗ ಸ್ಖಾಲಿತ್ಯಗಳು ಹೇಗೆ ಸೇರುತ್ತ ಹೋಗುತ್ತವೆ ಎಂಬುದನ್ನು ಹಸ್ತಪ್ರತಿಶಾಸ್ತ್ರ ಬಲ್ಲವರಿಗೆ ವಿವರಿಸಬೇಕಾಗಿಲ್ಲ.

ಕಾಲನಿರ್ಣಯದಲ್ಲಿ ಆಗಬಹುದಾದ ತಪ್ಪು ಇದಕ್ಕಿಂತ ಗುರುತರವಾದುದು. ಕಾಲಕಾಚಾರ್ಯ ಕಥೆಯ ಚಿತ್ರಿತ ಪ್ರತಿಗಳು ಇದಕ್ಕೆ ಉತ್ತಮ ನಿದರ್ಶನ. ತಮ್ಮ ಸೋದರಿಯಾದ ಸಾಧ್ವಿ ಸರಸ್ವತಿಯನ್ನು ಉಜ್ಜಯಿನಿಯ ಗರ್ದಭಿಲ್ಲನು ಅಪಹರಿಸಿದಾಗ ಕಾಲಕಾಚಾರ್ಯರು ಶಕರ ಸಾಹಿಗಳನ್ನು ಕರೆತಂದ ವೃತ್ತಾಂತವು ಕ್ರಿಸ್ತಪೂರ್ವ ಮೊದಲನೆಯ ಶತಮಾನಕ್ಕೆ ಸಂಬಂಧಿಸಿದ್ದು. ಚಿತ್ರಗಳಾದರೋ ಬಹುಮಟ್ಟಿಗೆ ಕ್ರಿ.ಶ. 14, 15ನೆಯ ಶತಮಾನಗಳವು. ಅವುಗಳಲ್ಲಿ ಸಾಹಿಗಳು ಉದ್ದನೆಯ ನಿಲುವಂಗಿ ತೊಟ್ಟು, ಗಡ್ಡಧಾರಿಗಳಾಗಿ, ಪರದೇಶೀಯ ಮುಖಲಕ್ಷಣದಿಂದ ಕಾಣಿಸಿಕೊಳ್ಳುತ್ತಾರೆ. ಉಳಿದ ಪಾತ್ರಗಳಿಗಿರುವಂತೆ ಮುಖದ ಅಂಚನ್ನು ಮೀರಿ ಹೊರಚಾಚಿದ ಎರಡನೆಯ ಕಣ್ಣು ಅವರಿಗೆ ಸಾಮಾನ್ಯವಾಗಿ ಇರುವುದಿಲ್ಲ. ಚಿತ್ರಕಾರನು ಶಕರನ್ನು ಕಂಡವನಲ್ಲ. ತನ್ನ ಕಾಲದ ಗುಜರಾತಿಗೆ ಪರಿಚಿತರಾಗಿದ್ದ ತುರ್ಕಿ, ಮಂಗೋಲ ಮೂಲದ ಜನರ ವೇಷವನ್ನು ಅವನು ಶಕರಿಗೆ ತೊಡಿಸಿದ್ದಾನೆ. ಆ ಚಿತ್ರವನ್ನು ಆಧರಿಸಿ ಶಕರ ಉಡುಪನ್ನು ರಚಿಸಿದರೆ ಸಾವಿರದ ನಾನೂರು ವರ್ಷಗಳ ಪ್ರಮಾದವಾಗುತ್ತದೆ. ಸುಲ್ತಾನರ ಕಾಲದ ಉಡುಪನ್ನು ರಚಿಸಿದರೆ ಅದೇ ಚಿತ್ರವು ಅಮೂಲ್ಯ ಪ್ರಮಾಣವಾಗುತ್ತದೆ. ಶ್ರವಣಬೆಳಗೊಳದ ಜೈನಮಠದ ಭಿತ್ತಿಚಿತ್ರಗಳಿಗೂ ಈ ನ್ಯಾಯ ಅನ್ವಯಿಸುತ್ತದೆ. ಪಾರ್ಶ್ವನಾಥರ ಪೂರ್ವಭವಗಳನ್ನು ನಿರೂಪಿಸುವ ಆ ಚಿತ್ರಗಳು ಮೈಸೂರು ಶೈಲಿಯವು. ಅಲ್ಲಿನ ರಾಜರ ಉಡುಪಿನಿಂದ ತಿಳಿಯುವುದು ಮೈಸೂರಿನ ಅರಮನೆಯ ಕಾಲವೇ ಹೊರತು ಪುರಾಣದ ಕಾಲವಲ್ಲ. ಪ್ರತಿಯೊಂದು ಚಿತ್ರದ ಕೆಳಗೆ ಕಥೆಯ ಕಾಲವನ್ನೂ ಪ್ರತಿಯ ಕಾಲವನ್ನೂ ಬೇರೆಬೇರೆಯಾಗಿ ನಮೂದಿಸದ ಮಾರ್ಗದರ್ಶಿಯು ಓದುಗನನ್ನು ದಾರಿ ತಪ್ಪಿಸುತ್ತದೆ.

ಇನ್ನು ಹೆಸರಿನ ಸಮಸ್ಯೆ. ಗ್ರಂಥಗಳಲ್ಲಿ ಹೆಸರುಗಳಿವೆ, ಶಿಲ್ಪಗಳಲ್ಲಿ ಆಕಾರಗಳಿವೆ. ಎರಡನ್ನೂ ಗಂಟುಹಾಕುವವನು ಆಧುನಿಕ ಲೇಖಕ. ಅಂತರೀಯ, ಉತ್ತರೀಯ, ಕಾಯಬಂಧ ಎಂಬ ಮೂರು ಹೆಸರುಗಳನ್ನು ಅಲ್ಕಾಜಿ ಅವರು ಮೌರ್ಯರ ಕಾಲದಿಂದ ಗುಪ್ತರ ಕಾಲದವರೆಗಿನ ಉಡುಪುಗಳಿಗೆ ಅನ್ವಯಿಸುತ್ತಾರೆ. ಕಲಿಯುವವರಿಗೆ ಇದು ಅನುಕೂಲ. ಆದರೆ ಹೆಸರಿನ ಏಕರೂಪತೆಯು ವಸ್ತುವಿನ ಏಕರೂಪತೆಯೆಂಬ ಭ್ರಮೆಗೆ ಎಡೆಗೊಡುವುದುಂಟು. ಕಂಚುಕವೆಂಬ ಪದವನ್ನೇ ತೆಗೆದುಕೊಳ್ಳಬಹುದು. ಅಂತಃಪುರದ ಕಂಚುಕಿಗೆ ಆ ಹೆಸರು ತಂದುಕೊಟ್ಟ ಕಂಚುಕವು ಪುರುಷರ ನಿಲುವಂಗಿ. ಕನ್ನಡದ ಓದುಗರಿಗೆ ಅದೇ ಪದದಿಂದ ಸ್ಫುರಿಸುವುದು ಸ್ತ್ರೀಯರ ಕುಪ್ಪಸ.

ಆಗಮಗಳ ವಸ್ತ್ರನಾಮಗಳಲ್ಲಿ ಈ ತೊಡಕು ಇನ್ನೂ ಸೂಕ್ಷ್ಮವಾಗಿದೆ. ಸ್ಥಾನಾಂಗದಲ್ಲೂ ಬೃಹತ್ಕಲ್ಪದಲ್ಲೂ ಜಂಗಿಯ, ಭಂಗಿಯ, ಸಾಣಯ, ಪೊತ್ತಿಯ, ತಿರೀಡಪಟ್ಟ ಎಂದು ಐದು ಬಗೆಯ ವಸ್ತ್ರಗಳು ಉಕ್ತವಾಗಿವೆ. ಇವುಗಳಲ್ಲಿ ಭಂಗಿಯವನ್ನು ಬೃಹತ್ಕಲ್ಪದ ಭಾಷ್ಯಕಾರರು ಅಗಸೆ ಮೊದಲಾದವುಗಳ ನಾರಿನಿಂದಾದುದೆಂದು ವಿವರಿಸುತ್ತಾರೆ. ಆಚಾರಾಂಗಕ್ಕೆ ವೃತ್ತಿ ಬರೆದ ಶೀಲಾಂಕಾಚಾರ್ಯರು ಅದೇ ಪದಕ್ಕೆ ವಿಕಲೇಂದ್ರಿಯ ಜೀವಿಗಳ ಲಾಲೆಯಿಂದಾದುದೆಂದು ಅರ್ಥ ಹೇಳುತ್ತಾರೆ. ಸಂಸ್ಕೃತದ ಭಂಗಾ ಶಬ್ದವನ್ನು ಹಿಡಿದು ಹೊರಟರೆ ಸೆಣಬಿನ ಜಾತಿಯ ಗಿಡ ದೊರೆಯುತ್ತದೆ. ಮೊದಲನೆಯದು ನಾರುಮಡಿ, ಎರಡನೆಯದು ರೇಷ್ಮೆ, ಮೂರನೆಯದು ಒರಟು ಬಟ್ಟೆ. ಮೈಮೇಲೆ ಬೀಳುವ ರೀತಿ, ತೂಕ, ಹೊಳಪು ಮೂರರಲ್ಲೂ ಬೇರೆಬೇರೆ. ಪಂಡಿತನಿಗೆ ಇದು ಪಾಠಭೇದಕ್ಕೆ ಸಮನಾದ ಅರ್ಥಭೇದ. ಮೂರನ್ನೂ ಬರೆದು ಮುಂದೆ ಹೋಗಬಹುದು. ಉಡುಪು ರಚಿಸುವವನಿಗೆ ಹಾಗಿಲ್ಲ. ಅವನು ಒಂದೇ ಬಟ್ಟೆಯನ್ನು ಕೊಳ್ಳಬೇಕು. ಆದ್ದರಿಂದ ಮಾರ್ಗದರ್ಶಿಯು ಒಂದು ಅರ್ಥವನ್ನು ಮಾತ್ರ ನೀಡಿ ಉಳಿದ ಎರಡನ್ನು ಮುಚ್ಚಿಟ್ಟರೆ ಅವನು ಆಯ್ಕೆಯ ಅವಕಾಶವನ್ನೇ ಕಳೆದುಕೊಳ್ಳುತ್ತಾನೆ.

ಸೋಮದೇವಸೂರಿಗಳ ಯಶಸ್ತಿಲಕ ಚಂಪುವಿನಲ್ಲಿಯೂ ಇಂಥದೇ ಎಚ್ಚರ ಬೇಕು. ಕ್ರಿ.ಶ. 959ರಲ್ಲಿ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ ಮುಗಿದ ಈ ಕಾವ್ಯದಲ್ಲಿ ಕಂಚುಕ, ವಾರಬಾಣ, ಚೋಲಕ, ಚಂಡಾತಕ, ಉಷ್ಣೀಷ ಮುಂತಾದ ಉಡುಪುಗಳ ಹೆಸರುಗಳಿವೆ. ದಖ್ಖನಿನ ಹತ್ತನೆಯ ಶತಮಾನದ ವೇಷಭೂಷಣಗಳಿಗೆ ಇದಕ್ಕಿಂತ ಸಮೀಪದ ಜೈನ ಸಾಕ್ಷ್ಯ ವಿರಳ. ಆದರೆ ಈ ಪದಗಳನ್ನು ಅರ್ಥಮಾಡಿಕೊಳ್ಳಲು ಸಾಮಾನ್ಯವಾಗಿ ಆಶ್ರಯಿಸುವ ಶ್ರುತಸಾಗರಸೂರಿಗಳ ಟೀಕೆ 16ನೆಯ ಶತಮಾನದ್ದು. ಟೀಕಾಕಾರರ ಪಾಂಡಿತ್ಯದಲ್ಲಿ ಸಂದೇಹವಿಲ್ಲ. ಆದರೂ ಆರು ಶತಮಾನಗಳಲ್ಲಿ ಉಡುಪುಗಳು ಬದಲಾಗಿ ಹೆಸರುಗಳು ಮಾತ್ರ ಉಳಿದಿರಬಹುದು. ಮೂಲದ ಮಾತು, ಟೀಕೆಯ ಮಾತು, ತನ್ನ ಊಹೆ ಎಂಬ ಮೂರನ್ನು ಮಾರ್ಗದರ್ಶಿಯು ಮೂರು ಸ್ಥಾನಗಳಲ್ಲಿ ಇಡತಕ್ಕದ್ದು.

ಈ ವಿವೇಚನೆಯನ್ನು ಒಂದು ನಿಜವಾದ ಸಂದರ್ಭಕ್ಕೆ ಅನ್ವಯಿಸಿ ನೋಡಬಹುದು. ಗೊಮ್ಮಟೇಶ್ವರನ ಮಹಾಮಸ್ತಕಾಭಿಷೇಕವು 1981, 1993, 2006, 2018ರಲ್ಲಿ ನಡೆಯಿತು. ಹನ್ನೆರಡು ವರ್ಷಗಳ ಎಣಿಕೆಯಂತೆ ಮುಂದಿನದು 2030ಕ್ಕೆ ಬರುತ್ತದೆ. ಇಂಥ ಸಂದರ್ಭಗಳಲ್ಲಿ ಚಾವುಂಡರಾಯನನ್ನು ರಂಗದ ಮೇಲೆ ತರುವುದು ಸಹಜ. ಅವನಿಗೆ ಉಡಿಸಬೇಕಾದುದು ಏನು? ಕಂಪನಿ ನಾಟಕಗಳ ಕಾಲದಿಂದ ರೂಢಿಯಾದ ಜರಿಯ ಮಖಮಲ್ಲಿನ ಅಂಗಿಯೂ ಪೇಟವೂ ಗಂಗರ ಮಂತ್ರಿಗೆ ಸಲ್ಲುವುದಿಲ್ಲವೆಂಬುದು ಸ್ಪಷ್ಟ. ಗುಜರಾತಿನ ಕಲ್ಪಸೂತ್ರದ ಚಿತ್ರಗಳಿಂದ ತೆಗೆದ ಉಡುಪೂ ಸಲ್ಲದು. ದೇಶವೂ ಬೇರೆ, ಕಾಲವೂ ನಾಲ್ಕೈದು ಶತಮಾನ ಈಚಿನದು. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಕಾಪಾಡಿಕೊಂಡು ಬಂದ ಧವಲಾ ಗ್ರಂಥದ ಓಲೆಗರಿಯ ಚಿತ್ರಗಳು ದೇಶದಿಂದ ಸಮೀಪದವು. ಆದರೆ ಅವು ಹೊಯ್ಸಳರ ಕಾಲದ, 12ನೆಯ ಶತಮಾನದವು. ಕಲ್ಯಾಣದ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ವಸ್ತ್ರೋಪಭೋಗಕ್ಕೇ ಪ್ರತ್ಯೇಕ ಪ್ರಕರಣವಿದೆ. ಅದೂ 12ನೆಯ ಶತಮಾನದ್ದೇ.

ಕಾಲದೇಶಗಳೆರಡರಿಂದಲೂ ಹತ್ತಿರವಾದುದು ದೊಡ್ಡಬೆಟ್ಟದ ಮೇಲಿನ ತ್ಯಾಗದ ಬ್ರಹ್ಮದೇವ ಕಂಬದ ಬುಡದಲ್ಲಿರುವ ಶಿಲ್ಪ. ಚಾಮರಧಾರಿಗಳ ನಡುವೆ ಕುಳಿತಿರುವ ಆಕೃತಿಯನ್ನು ಚಾವುಂಡರಾಯನೆಂದೂ ಜೊತೆಯ ಆಕೃತಿಯನ್ನು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳೆಂದೂ ಪರಂಪರೆ ಹೇಳುತ್ತದೆ. ಇದೇ ಕಂಬದ ಮೇಲಿದ್ದ ಚಾವುಂಡರಾಯನ ಶಾಸನದ ಬಹುಭಾಗವನ್ನು ಅಳಿಸಿ ಹೆಗ್ಗಡೆ ಕಣ್ಣನು ತನ್ನ ಕಿರುಶಾಸನವನ್ನು ಬರೆಯಿಸಿದ್ದು ಶಾಸನಜ್ಞರಿಗೆ ತಿಳಿದೇ ಇದೆ. ಲೇಖಕ್ಕೆ ಒದಗಿದ ಆ ಗತಿ ಶಿಲ್ಪಕ್ಕೆ ಒದಗದೆ ಉಳಿದದ್ದು ಭಾಗ್ಯ. ಪ್ರಾಮಾಣಿಕವಾದ ಮಾರ್ಗದರ್ಶಿಯು ಈ ಶಿಲ್ಪವನ್ನು ಮೊದಲ ಸಾಕ್ಷಿಯೆಂದೂ, ಯಶಸ್ತಿಲಕದ ಪದಗಳನ್ನು ಸಮಕಾಲೀನ ಲೇಖಸಾಕ್ಷಿಯೆಂದೂ, ಮೂಡಬಿದಿರೆಯ ಚಿತ್ರ ಹಾಗೂ ಮಾನಸೋಲ್ಲಾಸಗಳನ್ನು ಉತ್ತರಕಾಲೀನ ಸಹಾಯಕ ಸಾಕ್ಷಿಗಳೆಂದೂ ಕ್ರಮವಾಗಿ ಇಡಬೇಕು. ಶಿಲ್ಪದ ಗುರುತು ಪರಂಪರಾಗತವಾದುದೆಂಬುದನ್ನೂ, ಬಟ್ಟೆಯ ಬಣ್ಣ, ನೂಲು, ಹಿಂಬದಿಯ ಕಟ್ಟು ಇವು ಅದರಿಂದ ತಿಳಿಯಲಾರವೆಂಬುದನ್ನೂ ಮರೆಮಾಚಬಾರದು. ಇಷ್ಟು ಹೇಳಿದ ಮೇಲೆ ರಚನಾಕಾರನು ಬಣ್ಣವನ್ನು ತಾನೇ ಆರಿಸಿಕೊಂಡರೆ ಆಕ್ಷೇಪಿಸಲು ಏನೂ ಇಲ್ಲ. ಅದು ಊಹೆಯೆಂದು ಅವನಿಗೂ ಗೊತ್ತು, ನೋಡುವವರಿಗೂ ಗೊತ್ತು.

ಇಷ್ಟೆಲ್ಲ ದೋಷಗಳನ್ನು ಎಣಿಸಿದ್ದರಿಂದ ಮಾರ್ಗದರ್ಶಿ ಗ್ರಂಥಗಳೇ ನಿರುಪಯುಕ್ತವೆಂದು ಭಾವಿಸತಕ್ಕದ್ದಲ್ಲ. ಓದುವವನಿಗೆ ಹೊಳೆಯದ ಪ್ರಶ್ನೆಗಳು ಹೊಲಿಯುವವನಿಗೆ ಹೊಳೆಯುತ್ತವೆ. ಕಂಚುಕವೆಂದರೆ ಅಂಗಿ ಎಂದು ಬರೆದು ಕೋಶಕಾರನು ನಿಶ್ಚಿಂತನಾಗುತ್ತಾನೆ. ದರ್ಜಿಯು ಕೇಳುತ್ತಾನೆ: ಮುಂದೆ ತೆರೆಯುವುದೋ, ತಲೆಯ ಮೇಲಿಂದ ತೊಡುವುದೋ? ಕಂಕುಳಲ್ಲಿ ತುಂಡು ಸೇರಿಸಿದೆಯೋ? ಆ ಕಾಲದ ಮಗ್ಗದ ಬಟ್ಟೆಯ ಪನ್ನ ಎಷ್ಟು? ಒಂದೇ ಪನ್ನದಲ್ಲಿ ಇಷ್ಟು ಅಗಲದ ಘೇರು ಬರುವುದೋ, ಎರಡನ್ನು ಜೋಡಿಸಬೇಕೋ? ಈ ಪ್ರಶ್ನೆಗಳನ್ನು ಹಿಡಿದು ಗ್ರಂಥಕ್ಕೆ ಮರಳಿದರೆ ಹಿಂದೆ ಗಮನಿಸದೆ ಬಿಟ್ಟ ವಿಶೇಷಣಗಳು ಅರ್ಥವತ್ತಾಗುತ್ತವೆ. ಪಶ್ಚಿಮ ಭಾರತದ ಚಿತ್ರಗಳಲ್ಲಿ ಸೆರಗಿನ ತುದಿಗಳು ಮೈಯಿಂದ ದೂರಕ್ಕೆ ಚೂಪಾಗಿ ನಿಮಿರಿ ನಿಲ್ಲುತ್ತವೆ. ಇದು ಕೇವಲ ಚಿತ್ರಕಾರನ ರೂಢಿಯೋ, ಗಂಜಿ ಹಾಕಿದ ಬಟ್ಟೆಯ ಗುಣವೋ ಎಂಬುದನ್ನು ಚರ್ಚೆಗಿಂತ ಪ್ರಯೋಗವೇ ಚೆನ್ನಾಗಿ ತಿಳಿಸಬಲ್ಲದು.

ವಸ್ತುಸಾಕ್ಷ್ಯವು ಅನಿರೀಕ್ಷಿತವಾಗಿ ಒದಗಿ ಚಿತ್ರಗಳನ್ನು ಸಮರ್ಥಿಸಿದ ಉದಾಹರಣೆಯೂ ಇದೆ. ಈಜಿಪ್ಟಿನ ಫುಸ್ತಾತ್ ಮುಂತಾದ ಕಡೆ ದೊರೆತ ಅಚ್ಚಿನ ಹತ್ತಿಬಟ್ಟೆಗಳು ಗುಜರಾತಿನವೆಂದು ಆರ್. ಫಿಸ್ಟರ್ ಅವರು 1938ರಲ್ಲಿ ಪ್ರತಿಪಾದಿಸಿದರು. ಆಕ್ಸ್‌ಫರ್ಡಿನ ಆಶ್ಮೋಲಿಯನ್ ಸಂಗ್ರಹಾಲಯದಲ್ಲಿರುವ ಇಂಥ ಸುಮಾರು 1,200 ತುಂಡುಗಳನ್ನು ಕುರಿತ ರೂತ್ ಬಾರ್ನ್ಸ್ ಅವರ ವಿವರಣಾತ್ಮಕ ಸೂಚಿ 1997ರಲ್ಲಿ ಪ್ರಕಟವಾಯಿತು. ಕಲ್ಪಸೂತ್ರದ ಚಿತ್ರಗಳಲ್ಲಿ ಸ್ತ್ರೀಯರು ಉಟ್ಟಿರುವ ಹಂಸಪಂಕ್ತಿಯ ಬಟ್ಟೆಗೆ ಹೋಲುವ ಅಚ್ಚುಗಳು ಈ ಬಗೆಯ ತುಂಡುಗಳಲ್ಲಿ ಕಾಣುತ್ತವೆ. ಚಿತ್ರಕಾರನು ತನ್ನ ಕಾಲದ ಬಟ್ಟೆಯನ್ನು ಕಣ್ಣಾರೆ ಕಂಡು ಬರೆದನೆಂಬುದಕ್ಕೆ ಇದಕ್ಕಿಂತ ಬಲವಾದ ಆಧಾರ ಬೇಕಿಲ್ಲ. ಜ್ಞಾನಭಂಡಾರದ ಪತ್ರವೂ ಮರಳಿನಲ್ಲಿ ಸಿಕ್ಕಿದ ಚಿಂದಿಯೂ ಹೀಗೆ ಒಂದಕ್ಕೊಂದು ಪ್ರಮಾಣವಾದವು. ಇಂಥ ಹೊಂದಾಣಿಕೆಯನ್ನು ಸಾಮಾನ್ಯ ಓದುಗನಿಗೂ ಕರಕುಶಲಿಗೂ ತಲಪಿಸಬಲ್ಲದ್ದು ಒಳ್ಳೆಯ ಮಾರ್ಗದರ್ಶಿಯೇ.

ನಾಟಕಕ್ಕೆ ಇಷ್ಟು ನಿಷ್ಕೃಷ್ಟತೆ ಏಕೆ, ಭಾವ ಮುಖ್ಯವಲ್ಲವೇ ಎಂಬ ಆಕ್ಷೇಪ ಬರಬಹುದು. ಭಾವ ಮುಖ್ಯವೆಂಬುದು ಸತ್ಯ. ಆದರೆ ಒಮ್ಮೆ ಕಣ್ಣಿಗೆ ಬಿದ್ದ ರೂಪ ಮನಸ್ಸಿನಲ್ಲಿ ನಿಲ್ಲುತ್ತದೆ; ಅದನ್ನು ನೋಡಿ ಇನ್ನೊಬ್ಬ ಚಿತ್ರ ಬರೆಯುತ್ತಾನೆ, ಆ ಚಿತ್ರ ಪಠ್ಯಪುಸ್ತಕಕ್ಕೆ ಸೇರುತ್ತದೆ, ಮುಂದಿನ ಪೀಳಿಗೆ ಅದನ್ನೇ ಆಧಾರವಾಗಿ ಹಿಡಿಯುತ್ತದೆ. ಅಪಪಾಠವೊಂದು ಶಾಖೆಯಾಗಿ ಬೆಳೆಯುವ ಕ್ರಮ ಇದೇ. ಇನ್ನೊಂದು ಕಾರಣವೂ ಉಂಟು. ಪಂಚಕಲ್ಯಾಣಗಳಲ್ಲಿ ದೀಕ್ಷಾಕಲ್ಯಾಣವನ್ನು ಆಚರಿಸುವಾಗ ಭಗವಂತರು ವಸ್ತ್ರಾಭರಣಗಳನ್ನು ತ್ಯಜಿಸುವ ಪ್ರಸಂಗ ಬರುತ್ತದೆ. ಬಿಡುವ ವಸ್ತುವಿನ ಸ್ವರೂಪ ತಿಳಿದಷ್ಟೂ ಬಿಡುವಿಕೆಯ ಮಹತ್ತ್ವ ವ್ಯಕ್ತವಾಗುತ್ತದೆ. ಬಾಡಿಗೆಯ ಹೊಳಪಿನ ಬಟ್ಟೆಯನ್ನು ತೆಗೆದಿಟ್ಟರೆ ನೋಡುವವರಿಗೆ ವೇಷ ಕಳಚಿದಂತೆ ಮಾತ್ರ ತೋರುತ್ತದೆ.

ಆದ್ದರಿಂದ ವೇಷಭೂಷಣಗಳ ಮಾರ್ಗದರ್ಶಿಯೊಂದು ಗ್ರಂಥಸಂಪಾದನೆಯ ನಿಯಮಗಳನ್ನೇ ಪಾಲಿಸುವುದು ಯುಕ್ತ. ಪ್ರತಿ ಉಡುಪಿಗೂ ಆಧಾರವಾದ ಪ್ರತಿಯ ಅಥವಾ ಶಿಲ್ಪದ ಸ್ಥಳ, ಕಾಲ, ಪತ್ರಸಂಖ್ಯೆಗಳು ಇರಬೇಕು. ಕಥೆಯ ಕಾಲಕ್ಕೂ ಪ್ರತಿಯ ಕಾಲಕ್ಕೂ ಇರುವ ಅಂತರ ಕಾಣಬೇಕು. ಕಂಡದ್ದನ್ನು ಅಖಂಡರೇಖೆಯಿಂದಲೂ ಊಹಿಸಿದ್ದನ್ನು ಚುಕ್ಕಿರೇಖೆಯಿಂದಲೂ ತೋರಿಸಬೇಕು. ಪದಕ್ಕೆ ಹಲವು ಅರ್ಥಗಳಿದ್ದರೆ ಎಲ್ಲವನ್ನೂ ಕೊಟ್ಟು, ಆರಿಸಿಕೊಂಡುದಕ್ಕೆ ಕಾರಣ ಹೇಳಬೇಕು. ಮೋತಿಚಂದ್ರ ಅವರ ಬಹುಶ್ರುತತ್ವ, ಅಲ್ಕಾಜಿ ಅವರ ಪ್ರಯೋಗಾನುಭವ, ಆರ್ನಾಲ್ಡ್ ಅವರ ಅಳತೆಯ ನಿಷ್ಠೆ ಇವು ಒಂದೆಡೆ ಸೇರಿದ ಗ್ರಂಥವು ಕರ್ನಾಟಕದ ಗಂಗ, ರಾಷ್ಟ್ರಕೂಟ, ಹೊಯ್ಸಳ ಕಾಲಗಳನ್ನು ಕುರಿತು ಬರುವುದು ಅಪೇಕ್ಷಣೀಯ.

ಈ ಕಾರ್ಯದಲ್ಲಿ ಭಂಡಾರಗಳ ಹೊಣೆಯೂ ಇದೆ. ಚಿತ್ರದ ಪ್ರತಿಯನ್ನು ಕೇಳಿ ಬಂದವರಿಗೆ ಬರಿಯ ಛಾಯಾಚಿತ್ರವನ್ನು ಕೊಟ್ಟು ಕಳುಹಿಸಿದರೆ ಅದು ಪುಷ್ಪಿಕೆಯಿಲ್ಲದ ಪ್ರತಿಯಂತೆ ಕಾಲದೇಶಗಳನ್ನು ಕಳೆದುಕೊಂಡು ಅಲೆಯುತ್ತದೆ. ಅದರೊಡನೆ ಪ್ರತಿಯ ಹೆಸರು, ಪತ್ರಸಂಖ್ಯೆ, ಪ್ರಶಸ್ತಿಯಲ್ಲಿರುವ ಸಂವತ್ಸರ, ಚಿತ್ರಿತ ಪ್ರಸಂಗ ಇಷ್ಟನ್ನು ಬರೆದುಕೊಡುವುದು ಒಂದು ಚೀಟಿಯ ಕೆಲಸ. ಮಾರ್ಗದರ್ಶಿಯು ದಾರಿ ತಪ್ಪದಿರುವುದು ಆ ಚೀಟಿಯಿಂದಲೇ ಆರಂಭವಾಗುತ್ತದೆ.